ಸೆವೆರಿನ್ ಅಳೆದ ನಾಲಿಗೆ

ನನ್ನ ಅಕ್ಕ ಕ್ರೆಸೆನ್ಸಿಯಾಳ ಗಂಡ ಸೆವೆರಿನ್, ಮೂವತ್ತೆಂಟು ವರ್ಷ ನಮ್ಮ ಹಳ್ಳಿಯ ಹಿಮನದಿಯ ನಾಲಿಗೆ, ಅಂದರೆ ಅದರ ಕೆಳತುದಿ, ಅಳೆದವನು. ಹೆಂಡತಿಯ ನಾಲಿಗೆ ಅಳೆಯುವ ಧೈರ್ಯ ಮಾತ್ರ ಅವನಿಗೆ ಬರಲೇ ಇಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ, ಹಸುಗಳು ಮೇಲಿನ ಹುಲ್ಲುಗಾವಲಿನಿಂದ ಇಳಿದ ವಾರ, ಅವನ ಅಪ್ಪ ಕೆಂಪು ಬಣ್ಣ ಬಳಿದಿಟ್ಟ ಬಂಡೆಯಿಂದ ಮಂಜಿನ ಅಂಚಿನವರೆಗೆ ಟೇಪು ಎಳೆದು ಲೆಕ್ಕ ಪಟ್ಟಣದ ಕಚೇರಿಗೆ ಕಳಿಸಬೇಕು. ಟೇಪಿನ ಇನ್ನೊಂದು ತುದಿ ನನ್ನದು. ಅಕ್ಕ ಮೊದಲ ವರ್ಷವೇ, "ಆ ಮನುಷ್ಯನ ಹಿಂದೆ ಕಲ್ಲಲ್ಲಿ ಕುಣಿಯೋಕೆ ನನ್ ಕೈಲಾಗಲ್ಲ, ನೀನೇ ಹೋಗೇ" ಎಂದು ನನಗೆ ದಾಟಿಸಿದ್ದಳು.

ಅವನಪ್ಪನ ಕಾಲದಲ್ಲಿ ಬಂಡೆಯಿಂದ ಅಂಚಿಗೆ ಒಂದು ಕೂಗಿನ ದೂರ. ಈಗ ಐವತ್ತು ಮೀಟರಿನ ಟೇಪನ್ನು ಇಪ್ಪತ್ತೇಳು ಸಲ ಹಾಸಬೇಕು. ಪ್ರತಿ ಸಲ ಬಗ್ಗುವಾಗಲೂ ಸೆವೆರಿನ್‌ನ ಮಂಡಿ ಏನೋ ಹೇಳುತ್ತದೆ. ಅವನು ಉತ್ತರ ಕೊಡುವುದಿಲ್ಲ.

ಆದರೂ ಹೋದ ಸೆಪ್ಟೆಂಬರಿಗೆ ಮುಂಚಿನ ಮೂರು ವರ್ಷ ಅವನ ಮುಖದಲ್ಲಿ ಕಳೆಯಿತ್ತು. ವರ್ಷಕ್ಕೆ ಮೂವತ್ತು ಮೀಟರು ಹಿಂದೆ ಸರಿಯುತ್ತಿದ್ದ ಮಂಜು ನಾಲ್ಕು, ಮೂರು, ಮತ್ತೆ ನಾಲ್ಕು ಎಂದು ಹಟ ಹಿಡಿದಿತ್ತು. "ನಿಂತಿದೆ ಕಣ್ರಯ್ಯ" ಎಂದು ಕಿಲಿಯನ್‌ನ ವೈನಂಗಡಿಯಲ್ಲಿ ಎಲ್ಲರಿಗೂ ಹೇಳಿದ.

"ನಿಂತಿರೋದು ನಿನ್ ಮಂಡಿ ಇರ್ಬೇಕು, ನೋಡ್ಕೋ" ಎಂದಿದ್ದ ಕಿಲಿಯನ್.

ಹೋದ ಸೆಪ್ಟೆಂಬರಿನದು ಅವನ ಕೊನೆಯ ಅಳತೆ. ಮುಂದಿನ ವರ್ಷದಿಂದ ಆಕಾಶದಿಂದಲೇ ಅಳೆಯುತ್ತೇವೆ ಎಂದು ಕಚೇರಿ ಬರೆದಿತ್ತು. ನಿಂತ ಹಿಮನದಿಯನ್ನು ಒಪ್ಪಿಸಿ ತಾನೂ ನಿಲ್ಲಬೇಕು ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ.

ಕಲ್ಲುಮಣ್ಣು ಹೊದ್ದು ಕಪ್ಪಾಗಿದ್ದ ಮಂಜಿನ ದಿಬ್ಬಕ್ಕೆ ಟೇಪು ಮುಟ್ಟಿಸಿ, "ಮೂರೂವರೆ" ಎಂದ. ರೈ ಹಿಟ್ಟಿನ ರೊಟ್ಟಿ, ಒಣಮಾಂಸ ಬಿಚ್ಚಿದ. ನನ್ನ ವಯಸ್ಸಿನ ಹೆಂಗಸು ದಿಬ್ಬದ ಹಿಂದೆ ಯಾಕೆ ಹೋಗುತ್ತಾಳೋ ಅದಕ್ಕೇ ನಾನೂ ಹೋದೆ. ಇಂಥ ಹೊತ್ತಿನಲ್ಲಿ ಅತ್ತಿತ್ತ ನೋಡಬಾರದು ಎಂದು ಸನ್ಯಾಸಿನಿಯರು ಶಾಲೆಯಲ್ಲಿ ಕಲಿಸಿದ್ದರು. ನೋಡಿದೆ.

ಹಿಂದೆ ಮಂಜಿರಲಿಲ್ಲ. ಬರೀ ಜಲ್ಲಿ, ಒಂದು ಕೆಸರು ಹೊಂಡ, ಅದರ ದಡದಲ್ಲಿ ಗುಲಾಬಿ ಬಣ್ಣದ ಹೂವಿನ ಗಿಡಗಳು. ನಿಜವಾದ ಹಿಮನದಿ ಎಷ್ಟೋ ಮೇಲೆ, ಬೆನ್ನು ತಿರುಗಿಸಿ ಮಲಗಿತ್ತು. ಮೂರು ವರ್ಷದಿಂದ ನಾವು ಅಳೆದದ್ದು ಅದು ಬಿಟ್ಟುಹೋದ ತುಂಡನ್ನು. ಮೇಲೆ ಹೊದ್ದ ಕಲ್ಲಿನಿಂದಾಗಿ ಅದು ನಿಧಾನಕ್ಕೆ ಕರಗುತ್ತಿತ್ತು, ಅಷ್ಟೆ.

ಬಂದು ಅರ್ಧ ರೊಟ್ಟಿ ತಿಂದೆ. ಉಳಿದರ್ಧವನ್ನು ಬಟ್ಟೆಯಲ್ಲಿ ಸುತ್ತಿಟ್ಟೆ.

"ಭಾವ, ದಿಬ್ಬದ ಹಿಂದೆ ಹೂವಿದೆ."

"ಮಂಜಲ್ಲಿ ಹೂವು ಎಲ್ಲಿ ಬರುತ್ತೆ, ಒಡೀಲಿಯಾ?"

"ಅದೇ."

ಅವನು ಅಗಿಯುವುದನ್ನು ನಿಲ್ಲಿಸಿದ. ಎದ್ದು ಹೋಗಿ ಬಹಳ ಹೊತ್ತಿನ ಮೇಲೆ ಬಂದು ಕೂತ.

"ಮೂರು ವರ್ಷ ಹೆಣದ ನಾಡಿ ಹಿಡ್ಕೊಂಡು, ಹುಷಾರಾಗಿದೆ ಅಂತ ಊರಿಗೆಲ್ಲ ಸಾರಿದೆ."

"ಮೂರೂವರೆ ಅಂತಲೇ ಬರೆದ್ಬಿಡು. ನಿಮ್ಮಪ್ಪ ಎದ್ದು ಬಂದು ಕೇಳ್ತಾನಾ?"

"ಬರಲ್ಲ. ಬಂದಿದ್ರೆ ಅವನ ಕೈಲೇ ಬರೆಸಿ ಮನೆಗೆ ಹೋಗ್ತಿದ್ದೆ." ಟೇಪಿನ ತುದಿಯನ್ನು ನನ್ನತ್ತ ಚಾಚಿದ. "ಹಿಡಿ."

ದಿಬ್ಬದಾಚೆಗೆ ಇನ್ನೂ ನಾಲ್ಕು ಸಲ ಹಾಸಿದೆವು. ನಾಲ್ಕನೆಯ ಸಲ ಬಗ್ಗಿದವನು ಏಳಲಾರದೆ, ನಿಜವಾದ ಮಂಜಿನ ಮೇಲೆ ಅಂಗೈ ಊರಿ ಹಾಗೇ ಇದ್ದ. ತೋಳು ಹಿಡಿದು ಎಬ್ಬಿಸಿದೆ. ಪುಸ್ತಕ ತೆಗೆದು ಹಳೆಯ ಮೂರು ಅಂಕಿಗಳ ಮೇಲೆ ಒಂದೊಂದೇ ಗೆರೆ ಎಳೆದ. ತಪ್ಪನ್ನು ಅಳಿಸಬಾರದು, ಓದುವ ಹಾಗೇ ಇರಬೇಕು ಎನ್ನುವುದು ಅವನಪ್ಪನ ಕಟ್ಟಳೆ. ಕೆಳಗೆ ಹೊಸ ಅಂಕಿ ಬರೆದ.

ಸಂಜೆ ವೈನಂಗಡಿಯಲ್ಲಿ ಕಿಲಿಯನ್ ಕಾಯುತ್ತಿದ್ದ. "ಏನಪ್ಪಾ, ಈ ಸಲ ಮುಂದಕ್ಕೇ ಬಂತಾ ನಿನ್ ಮಂಜು?"

"ಹಿಂದಕ್ಕೆ. ನೂರ ಎಂಬತ್ತೇಳು."

ಕಿಲಿಯನ್ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಒರೆಸಿದ್ದ ಮೇಜನ್ನೇ ಮತ್ತೆ ಒರೆಸತೊಡಗಿದ.

"ಮೂರು ವರ್ಷ ನಾನು ಹೇಳಿದ್ದು ಸುಳ್ಳು ಕಣಯ್ಯ, ಎಲ್ರಿಗೂ ಹೇಳ್ಬಿಡು" ಎಂದ ಸೆವೆರಿನ್, ಬೂಟಿನ ದಾರ ಸಡಿಲಿಸುತ್ತ. "ಸೂಪು ಬಿಸಿ ಇದ್ಯಾ?"