ಮಾಲೆಯಿಂದ ಕೊಲಂಬೊ ಒಂದೂವರೆ ಗಂಟೆ

ಅಮ್ಮ ತೀರಿಕೊಂಡಾಗ ಅಕ್ಕ ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪದಲ್ಲಿ ಟೀಚರ್ ಆಗಿದ್ದಳು. ತೊಂಬತ್ತರ ದಶಕದ ಕೊನೆ. ಬೇಲೂರಿನ ನಮ್ಮ ಮನೆಗೆ ಇನ್ನೂ ಫೋನ್ ಬಂದಿರಲಿಲ್ಲ. ಅಕ್ಕನ ಕರೆ ಬರುತ್ತಿದ್ದದ್ದು ಎದುರುಮನೆಯ ಅರ್ಚಕರಲ್ಲಿಗೆ. ಬೀದಿ ಕೊನೆಯ ಆಂಜನೇಯನ ಗುಡಿಯ ಪೂಜೆ ಅವರದು. ಬೀದಿಯಲ್ಲಿ ಹೆಣ ಇರುವಷ್ಟು ಹೊತ್ತು ಆ ಗುಡಿಯ ಬಾಗಿಲು ತೆಗೆಯುವಂತಿಲ್ಲ, ನೈವೇದ್ಯವಿಲ್ಲ, ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚುವಂತಿಲ್ಲ. ಹೊಟ್ಟೆ ಹಸಿದ ಬೀದಿಗೆ ಕರುಣೆ ಎಷ್ಟು ಬೇಗ ಖಾಲಿಯಾಗುತ್ತದೆಂದು ಅವತ್ತು ಕಂಡೆ.

ಬೆಳಿಗ್ಗೆ ಅಮ್ಮನ ಉಸಿರು ನಿಂತಿತು. ಅಪ್ಪ ಎದುರುಮನೆಗೆ ಹೋಗಿ ಅಕ್ಕನ ಸ್ಕೂಲಿಗೆ ಫೋನ್ ಮಾಡಿದರು, ಎರಡು ಮಾತಿಗೇ ರಿಸೀವರನ್ನು ಅರ್ಚಕರ ಕೈಗಿತ್ತರು. ನಾನು ಪಕ್ಕದಲ್ಲೇ ಇದ್ದೆ. ರಾಜಧಾನಿ ಮಾಲೆಯಿಂದ ಕೊಲಂಬೊ ವಿಮಾನ ಹಿಡಿದು ನಾಳೆ ಸಂಜೆಯೊಳಗೆ ಬಂದೇ ಬರುತ್ತೇನೆ, ಅಮ್ಮನ ಮುಖ ನೋಡುವವರೆಗೆ ಎತ್ತಬೇಡಿ ಎಂದು ಅಕ್ಕ ಅಂಗಲಾಚುವುದು ನನಗೂ ಕೇಳಿಸಿತು. ಆಗಲಿ ಎಂದರು ಅರ್ಚಕರು. ಆಮೇಲೆ, ಮಾಲೆಯಿಂದ ಕೊಲಂಬೊಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರು. ಒಂದೂವರೆ ಗಂಟೆ ಎಂದಳು ಅಕ್ಕ, ಪಾಪ, ಕೇಳಿದ್ದಕ್ಕೆ ಉತ್ತರ ಕೊಟ್ಟಳು.

ನಮ್ಮವರು ಬಸ್ಸಿನ ಜನ. ಹಳೇಬೀಡಿಗೆ ಅರ್ಧ ಗಂಟೆ, ಅರಸೀಕೆರೆಗೆ ಎರಡು ಗಂಟೆ, ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು. ಮಾಲೆಗೂ ಕೊಲಂಬೊಗೂ ನಡುವೆ ಏಳುನೂರು ಕಿಲೋಮೀಟರಿಗೂ ಮೀರಿದ ಸಮುದ್ರವಿದೆ, ಅಕ್ಕ ಮೊದಲು ದೋಣಿ ಹತ್ತಿ ಮಾಲೆಗೆ ಬರಬೇಕು, ವಿಮಾನ ಅದು ಹೊರಡುವ ಹೊತ್ತಿಗೇ ಹೊರಡುವುದು, ಕೊಲಂಬೊದಿಂದ ಮದ್ರಾಸು, ಬೆಂಗಳೂರು, ರೈಲು, ಮತ್ತೆ ಬಸ್ಸು ಎಂದು ನಾನು ಬಿಡಿಸಿ ಹೇಳಿದೆ. ಯಾರಿಗೂ ಬೇಕಿರಲಿಲ್ಲ. ಅರಸೀಕೆರೆಗಿಂತ ಹತ್ತಿರ ಎಂಬ ಮಾತು ಜಗುಲಿಯಿಂದ ಜಗುಲಿಗೆ ಹೋಯಿತು. ಸಂಜೆಯ ಹೊತ್ತಿಗೆ ಅಕ್ಕ ದೂರ ಇರುವವಳಲ್ಲ, ಬಾರದವಳು ಎಂದೇ ತೀರ್ಮಾನವಾಗಿತ್ತು.

ಮರುದಿನ ಬೆಳಿಗ್ಗೆ ಅರ್ಚಕರು ನಮ್ಮ ಮೆಟ್ಟಿಲ ಕೆಳಗೆ ನಿಂತು ಅಪ್ಪನಿಗೆ ಹೇಳಿದರು. "ಒಂದೂವರೆ ಗಂಟೆ ದಾರಿ ಕಣ್ರೀ. ಬರೋ ಮನಸ್ಸಿದ್ದಿದ್ರೆ ನಿನ್ನೇನೇ ಬರ್ತಿದ್ಲು. ದೇವರನ್ನ ಇನ್ನೆಷ್ಟು ಹೊತ್ತು ಉಪವಾಸ ಕೆಡವೋದು? ಎತ್ತಿ."

ಸಂಜೆಯೊಳಗೆ ಎಂದಿದ್ದಾಳಲ್ಲ ಎಂದು ನಾನು ಕಿರುಚಿದೆ. ಹೆಣ್ಣುಮಕ್ಕಳು ಇಂಥದ್ದರಲ್ಲಿ ಬಾಯಿ ಹಾಕಬಾರದು ಎಂದರು ಯಾರೋ. ಅಪ್ಪ ನನ್ನ ಮುಖ ನೋಡಿದರು, ಬೀದಿಯ ಮುಖ ನೋಡಿದರು, ಎದ್ದರು. ಆ ಎದ್ದದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಚಟ್ಟ ತಿರುವು ದಾಟುವ ಮೊದಲೇ ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂತು.

ಮಧ್ಯಾಹ್ನ ಮೂರರ ಸುಮಾರಿಗೆ, ಹೇಳಿದ ಮಾತಿಗಿಂತ ಮೊದಲೇ, ಅಕ್ಕ ಅರಸೀಕೆರೆ ಬಸ್ಸಿನಿಂದಿಳಿದು ಓಡುತ್ತಾ ಬಂದಳು. ನಡುಮನೆಯಲ್ಲಿ ದೀಪವೊಂದೇ ಇತ್ತು. ಎದುರು ಜಗುಲಿಯಲ್ಲಿ ಊಟ ಮುಗಿಸಿ ಕೂತಿದ್ದ ಅರ್ಚಕರು, ಒಂದೂವರೆ ಗಂಟೆ ಅಂದಿದ್ಯಲ್ಲಮ್ಮ ಎಂದು ಅಲ್ಲಿಂದಲೇ ಕೇಳಿದರು. ಅವಳು ಆ ಕಡೆ ತಿರುಗಲೂ ಇಲ್ಲ. ಒದ್ದೆ ಪಂಚೆಯಲ್ಲೇ ಗೋಡೆಗೆ ಒರಗಿದ್ದ ಅಪ್ಪನ ಮುಂದೆ ಕುಸಿದು ಕೂತಳು.

"ಅಮ್ಮನ ಮುಖ ಹೇಗಿತ್ತಪ್ಪಾ?"

ಅಪ್ಪ ಪಂಚೆಯ ಒದ್ದೆ ಅಂಚನ್ನು ಹಿಂಡಿದರು.

"ಎಲ್ಲಾರೂ ಅವಸರ ಮಾಡಿದ್ರು ಕಣೇ," ಎಂದರು. "ನಾನೂ ಸರಿಯಾಗಿ ನೋಡ್ಲಿಲ್ಲ."