ಜರಡಿ ಹಿಡಿದ ಕಡಲು

ಕೋಗಿಲು ಊರಿನ ಮುನಿಗಂಗಪ್ಪನಿಗೆ ಮರಳು ಕಂಡರೆ ಕೈ ಸುಮ್ಮನಿರುವುದಿಲ್ಲ. ಮಂಡಿನೋವಿನಿಂದ ಗಾರೆ ಕೆಲಸ ಬಿಟ್ಟು ಯಲಹಂಕದ ಕಾಲೇಜೊಂದರ ಪ್ರಯೋಗಾಲಯಕ್ಕೆ ಸಹಾಯಕನಾಗಿ ಸೇರಿದರೂ, ಮೇಸ್ತ್ರಿಯ ಬುದ್ಧಿ ಜೊತೆಗೇ ಬಂತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಕಸುಬಿನ ಗುಣವೂ ಅಷ್ಟೇ.

ಅಧ್ಯಾಪಕಿ ವೇದಾ ಕಾರವಾರದಿಂದ ಕಡಲತಳದ ಕೆಸರನ್ನೂ ಉಪ್ಪುನೀರನ್ನೂ ತರಿಸಿದ್ದರು. ಸಮುದ್ರವನ್ನೇ ಕಾಣದ ಮಕ್ಕಳಿಗೆ ಕಾಲೇಜಿನ ಪ್ರದರ್ಶನದಲ್ಲಿ ಜೀವಂತ ಕಡಲತಳ ತೋರಿಸಬೇಕೆಂಬುದು ಅವರ ಹಂಬಲ. ಎರಡು ಗಾಜಿನ ತೊಟ್ಟಿಗೂ ಕೆಸರು ತುಂಬಲು ಹೇಳಿ ಪಾಠಕ್ಕೆ ಹೋದರು. ಒಂದನ್ನು ತುಂಬುವಷ್ಟರಲ್ಲಿ ಮುನಿಗಂಗಪ್ಪನ ಕಣ್ಣಿಗೆ ಹುಳು, ಚಿಪ್ಪು ಬಿದ್ದವು. ಇಂಥ ಕಸವಿರುವ ಮರಳಿನಲ್ಲಿ ಅವನು ಒಂದು ಗೋಡೆಗೂ ಗಾರೆ ಬಳಿದವನಲ್ಲ. ಎರಡನೆಯ ತೊಟ್ಟಿಗೆ ನೀಟಾಗಿ ಜರಡಿ ಹಿಡಿದೇ ತುಂಬಿದ. ಜರಡಿಯಲ್ಲಿ ಉಳಿದದ್ದನ್ನು ಹಿತ್ತಲಿಗೆ ಚೆಲ್ಲಿದ.

ಕೆಲವೇ ವಾರಗಳಲ್ಲಿ ಆ ತೊಟ್ಟಿಯ ಕೆಸರು ಕಪ್ಪಿಟ್ಟಿತು. ಕಲಕಿದರೆ ಕೊಳೆತ ಮೊಟ್ಟೆಯ ನಾತ. ಪಕ್ಕದ್ದು ಮಾತ್ರ ಕಂದು ಬಣ್ಣದಲ್ಲಿ ಚೆನ್ನಾಗಿಯೇ ಇತ್ತು. ಇದಕ್ಕೆ ಏನು ಮಾಡಿದಿರಿ ಎಂದು ವೇದಾ ಮುನಿಗಂಗಪ್ಪನನ್ನು ಕೇಳಿದರು.

"ಜರಡಿ ಹಿಡ್ದೆ ಮೇಡಂ. ಉಳ ಎಲ್ಲಾ ಎಸೆದ್ಬಿಟ್ಟೆ."

"ಅಯ್ಯೋ, ಅದನ್ನ ಬದುಕಿಸ್ತಿದ್ದಿದ್ದೇ ಅವು ಕಣ್ರೀ!" ವೇದಾ ತಲೆ ಹಿಡಿದುಕೊಂಡರು. ಹುಳು ಬಿಲ ತೋಡುತ್ತದೆ, ಮೇಲಿನ ನೀರನ್ನು ಒಳಗೆಳೆಯುತ್ತದೆ, ನೀರಿನ ಜೊತೆ ಆಮ್ಲಜನಕವೂ ಇಳಿಯುತ್ತದೆ. ಅಡಿಯ ಮಣ್ಣು ಮೇಲೆ ಬರುತ್ತದೆ. ಹುಳುವಿಲ್ಲದಿದ್ದರೆ ಕೆಸರಿಗೆ ಉಸಿರುಕಟ್ಟುತ್ತದೆ. ಇದನ್ನೆಲ್ಲ ಕೇಳಿದ ಮುನಿಗಂಗಪ್ಪ ಹಿತ್ತಲಿನ ಕಡೆ ನೋಡಿದ. ಅಷ್ಟು ದೂರದಿಂದ ಬಂದ ಜೀವಗಳನ್ನು ಕೈಯಾರೆ ಕೊಂದೆನಲ್ಲ!

"ಚೆನ್ನಾಗಿರೋ ತೊಟ್ಟೀಲಿ ಇರೋವ್ನ ಒಂದಷ್ಟು ಇತ್ಲಾಗೆ ಬಿಡೋಣ್ವಾ ಮೇಡಂ?"

"ಅವೂ ಸತ್ರೆ?" ವೇದಾ ಗೋಡೆಯ ಕ್ಯಾಲೆಂಡರ್ ನೋಡಿದರು. ಪ್ರದರ್ಶನ ಹತ್ತಿರವಿತ್ತು. "ಸರಿ, ಕೆಲವನ್ನ ಬಿಡಿ. ನೋಡೋಣ."

ಮರುದಿನವೇ ಒಂದು ಹುಳು ಸತ್ತು ತೇಲಿತು. ಮಿಕ್ಕವು ಕಪ್ಪು ಕೆಸರಿನೊಳಗೆ ಹೋದವು, ಮತ್ತೆ ಕಾಣಲಿಲ್ಲ. ಮುನಿಗಂಗಪ್ಪ ಬಿಡುವಾದಾಗಲೆಲ್ಲ ಗಾಜಿಗೆ ಮುಖ ಒತ್ತಿ ಕೂರತೊಡಗಿದ. "ಏನ್ ಗುರು, ಸೀರಿಯಲ್ ನೋಡ್ತಿದೀಯಾ?" ಎಂದು ಕಾವಲುಗಾರ ರೇಗಿಸಿದರೂ ಕದಲುತ್ತಿರಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಗಾಜಿನ ಪಕ್ಕದಲ್ಲೇ ಒಂದು ಬಿಲ ಕಂಡಿತು. ಅದರ ಸುತ್ತ, ಕಪ್ಪಿನ ನಡುವೆ, ತೆಳ್ಳಗೆ ಕಂದು ಅಂಚು.

"ಮೇಡಂ, ಉಸಿರಾಡ್ತೈತೆ!" ಎಂದು ಕೂಗಿದ. ವೇದಾ ಓಡಿ ಬಂದು ನೋಡಿ, ಅವನ ಹೆಗಲು ಹಿಡಿದು ನಕ್ಕುಬಿಟ್ಟರು. ಎರಡು ತೊಟ್ಟಿಯನ್ನೂ ಪ್ರದರ್ಶನಕ್ಕೆ ಇಡಿಸಿ, ಮಕ್ಕಳಿಗೆ ನೀವೇ ಹೇಳಿ ಎಂದರು.

ಮಕ್ಕಳು ಗಲಾಟೆ ಮಾಡುತ್ತಾ ಬಂದು ಗಾಜಿಗೆ ಮುತ್ತಿಕೊಂಡರು. ಮುನಿಗಂಗಪ್ಪ ಗಂಟಲು ಸರಿಮಾಡಿಕೊಂಡ.

"ಇದು ಕಪ್ಪಾಗಿದ್ದು ನನ್ನಿಂದ ಕಣ್ರಪ್ಪ. ಈ ಉಳಗಳು ರಿಪೇರಿ ಮಾಡ್ತಾವೆ. ಸ್ವಲ್ಪ ಸುಮ್ಕಿರಿ, ಒಳಗೆ ಕೆಲಸ ನಡೀತೈತೆ."