ಅಮಾವಾಸ್ಯೆಯ ತಾರೀಖು

ಕಳೆದ ವಾರ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವನ ಅಂಗಿಯಿಂದ ಲೇತ್ ಎಣ್ಣೆಯ ವಾಸನೆ ಬಂತು. ಕಾದ ಕಬ್ಬಿಣಕ್ಕೆ ತಾಗಿ ಸುಟ್ಟ ಎಣ್ಣೆ, ಜೊತೆಗೆ ಬೆವರು. ಎರಡು ಸ್ಟಾಪ್ ಆದ ಮೇಲೆ ಅವನು ಇಳಿದುಹೋದ. ವಾಸನೆ ಹೋಗಲಿಲ್ಲ... ನಾನು ಇಳಿಯಬೇಕಾದ ಕಡೆ ಇಳಿಯುವುದನ್ನೂ ಮರೆತೆ.

ಎಂಬತ್ತರ ದಶಕದ ಆರಂಭದಲ್ಲಿ ಪೀಣ್ಯದ ಒಂದು ಶೆಡ್ಡಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೂರು ಲೇತ್, ಏಳು ಜನ ಕೆಲಸಗಾರರು. ಯಜಮಾನರು ಹಿಂದೆ ತಾವೇ ಲೇತ್ ನಡೆಸುವ ಟರ್ನರ್ ಆಗಿದ್ದವರು, ಓದಿದ್ದು ನಾಲ್ಕನೇ ಕ್ಲಾಸು. ಎಸ್ಸೆಸ್ಸೆಲ್ಸಿ ಪಾಸಾದ ನನ್ನನ್ನು ‘ರೈಟ್ರೇ’ ಎಂದು ಕರೆಯುತ್ತಿದ್ದರು. ಕಾಗದಪತ್ರದಲ್ಲಿ ನನ್ನ ಮಾತೇ ಅವರಿಗೆ ಕೊನೆಯದು. ಅಮಾವಾಸ್ಯೆಯ ವಿಷಯದಲ್ಲಿ ಮಾತ್ರ ಯಾರ ಮಾತೂ ನಡೆಯುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಬಾಗಿಲ ಮುಂದೆ ಬೂದುಗುಂಬಳಕಾಯಿ ಒಡೆದು, ಶೆಡ್ಡಿಗೆ ಬೀಗ ಹಾಕಿ, ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು.

ಒಂದು ವರ್ಷ ದೊಡ್ಡ ಆರ್ಡರು ಸಿಕ್ಕಿ ಎಂದೂ ಇಲ್ಲದಷ್ಟು ಲಾಭ ಬಂತು. ಮಾರ್ಚ್ ಕೊನೆಯಲ್ಲಿ ಬಂದ ಆಡಿಟರು, ಎಲ್ಲವೂ ಒಬ್ಬರ ಹೆಸರಿನಲ್ಲೇ ಇರುವುದರಿಂದ ತೆರಿಗೆ ಜಾಸ್ತಿ ಬೀಳುತ್ತದೆ ಎಂದರು. ಹೆಂಡತಿಯನ್ನೂ ಬಾಮೈದನನ್ನೂ ಪಾಲುದಾರರಾಗಿ ಮಾಡಿಕೊಂಡರೆ ಕಡಿಮೆಯಾಗುತ್ತದೆ, ಆದರೆ ಅದು ಮುಂದಿನ ವರ್ಷದಿಂದ.

“ಈ ವರ್ಷದ್ದು ಕಟ್ಬಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡಿ,” ಎಂದು ಹೇಳಿ ಹೋದರು.

ಯಜಮಾನರು ಕಟ್ಟಲು ಸಿದ್ಧರಿದ್ದರು. ತಡೆದವನು ನಾನು. ಆಡಿಟರಿಗಿಂತ ಬುದ್ಧಿವಂತನೆಂದು ತೋರಿಸಿಕೊಳ್ಳುವ ಚಪಲ, ಬೇರೇನೂ ಅಲ್ಲ. ಹಳೇ ತಾರೀಖಿನ ಛಾಪಾ ಕಾಗದ ಮಾರುವವನೊಬ್ಬ ನನಗೆ ಗೊತ್ತಿದ್ದ. ಪಾಲುದಾರಿಕೆ ಹಿಂದಿನ ಏಪ್ರಿಲ್‌ನಲ್ಲೇ ಆಗಿತ್ತೆಂದು ಪತ್ರ ಟೈಪು ಮಾಡಿಸಿಕೊಂಡು ಬಂದೆ. ತಾರೀಖು ಬಾಯಿಗೆ ಬಂದದ್ದು.

“ಇದು ಸರಿ ಐತಾ ರೈಟ್ರೇ?” ಎಂದು ಯಜಮಾನರು ಕೇಳಿದರು. ಪೀಣ್ಯದಲ್ಲಿ ಎಲ್ಲರೂ ಮಾಡುವುದೇ ಎಂದೆ. ಅವರು ಸಹಿ ಹಾಕಿದರು. ಹೆಂಡತಿ, ಬಾಮೈದ ಕೂಡ ಹಾಕಿದರು.

ಆಮೇಲೆ ಒಂದೂವರೆ ವರ್ಷ ಏನೂ ಆಗಲಿಲ್ಲ. ಆ ದಿನಗಳಲ್ಲಿ ಪೂರ್ತಿ ನಿಶ್ಚಿಂತೆಯಾಗಿದ್ದೆ.

ತೆರಿಗೆ ಆಫೀಸರು ಬಂದದ್ದು ಒಂದು ಬೆಳಿಗ್ಗೆ. ದನಿ ಏರಿಸುವ ಮನುಷ್ಯನಲ್ಲ. ಕಾಫಿ ಬೇಡವೆಂದರು. ಪಾಲುದಾರಿಕೆ ಪತ್ರ ಓದಿ, ಇದಕ್ಕೆ ಎಲ್ಲರೂ ಶೆಡ್ಡಿನಲ್ಲೇ ಕೂತು ಸಹಿ ಮಾಡಿದಿರಾ ಎಂದು ಕೇಳಿದರು. ಪತ್ರದಲ್ಲಿ ಹಾಗೇ ಇತ್ತು. ಯಜಮಾನರು ಹೌದೆಂದರು. ಆಫೀಸರು ಹಾಜರಿ ಪುಸ್ತಕ ತರಿಸಿಕೊಂಡು ಒಂದೊಂದೇ ಹಾಳೆ ತಿರುವತೊಡಗಿದರು. ಹಾಜರಿ ಪುಸ್ತಕ ಯಾಕೆಂದು ನನಗೆ ಹೊಳೆಯಲಿಲ್ಲ. ಬೆರಳು ಒಂದು ಕಡೆ ನಿಂತಿತು.

“ಅವತ್ತು ‘ಅಮಾವಾಸ್ಯೆ, ರಜೆ’ ಅಂತ ಬರ್ದಿದೆಯಲ್ರೀ. ಬಾಗ್ಲಲ್ಲಿ ಕುಂಬಳಕಾಯಿ ಕಟ್ಟಿರೋರು ನೀವು, ಅಮಾವಾಸ್ಯೆ ದಿನ ಹೊಸ ಪಾಲು ಶುರು ಮಾಡಿದ್ರಾ?”

ಅಕ್ಷರ ನನ್ನದೇ. ಯಜಮಾನರು ಮೊದಲ ಸಲ ಆ ತಾರೀಖನ್ನು ದಿಟ್ಟಿಸಿದರು. ಇದು ಯಾರ ಯೋಚನೆ ಎಂದು ಆಫೀಸರು ಕೇಳುವಾಗ ನೋಡುತ್ತಿದ್ದದ್ದು ನನ್ನನ್ನು.

“ನಂದೇ ಸಾರ್. ರೈಟ್ರು ಬ್ಯಾಡ ಅಂದ್ರು, ನಾನೇ ಕೇಳ್ನಿಲ್ಲ.”

ನಾನು ತಲೆ ಎತ್ತಲಿಲ್ಲ.

ಸಂಜೆ ಯಜಮಾನರೇ ನನ್ನನ್ನು ಕರೆದು, “ನನ್ ಕೈಲಿ ಕೆಲ್ಸ ಐತೆ. ನಿಮ್ಗೆ ಪೆನ್ನು ಬಿಟ್ರೆ ಏನೈತೆ? ಎಸ್ರು ಕೆಟ್ರೆ ಯಾರು ಇಟ್ಕೊಂತಾರೆ?” ಎಂದರು. ಬೈಯಲಿಲ್ಲ. ಬೈದಿದ್ದರೆ...

ತೆರಿಗೆಯವರು ಹಳೆಯ ವರ್ಷಗಳ ಲೆಕ್ಕವನ್ನೂ ಕೆದಕಿದರು. ದಂಡ, ವಕೀಲರು, ಕೋರ್ಟು. ಲೇತುಗಳು ಒಂದೊಂದಾಗಿ ಲಾರಿ ಹತ್ತಿದವು. ನನ್ನನ್ನು ಇನ್ನೊಂದು ಕಂಪನಿಗೆ ಹೇಳಿ ಸೇರಿಸಿದ್ದೂ ಯಜಮಾನರೇ. ತಾವು ಯಾರದೋ ಶೆಡ್ಡಿನಲ್ಲಿ ಮತ್ತೆ ಟರ್ನರ್ ಆಗಿ ನಿಂತರು. ಒಮ್ಮೆ ರಸ್ತೆಯ ಆಚೆ ಕಂಡರು. ನಾನು ಅಂಗಡಿಯೊಂದರೊಳಗೆ ಹೊಕ್ಕೆ.

ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಗುರುತು ಹಿಡಿದು ಕೂರಿಸಿ ಕಾಫಿ ಕೊಟ್ಟರು.

“ನೀವು ಎಷ್ಟ್ ಬ್ಯಾಡ ಅಂದ್ರಂತೆ. ಅವ್ರ ಆಸೆನೇ ನಮ್ಮನ್ನ ಆಳ್ ಮಾಡ್ತು ಬಿಡಿ.”

ಒಳಗಿನಿಂದ ಅವರ ಮಗ, ಸತ್ತವರ ಮಾತು ಈಗ ಯಾಕಮ್ಮ ಎಂದ. ನಾನು ಕಾಫಿ ಕುಡಿದು ಎದ್ದೆ. ನಿಜ ಹೇಳಲೆಂದೇ ಹೋಗಿದ್ದೆ, ಹೇಳಲಿಲ್ಲ.

ಹೋದ ವರ್ಷ ಆಕೆಯೂ ಹೋದರು. ಮಗ ಮನೆ ಬದಲಿಸಿದ್ದಾನೆ, ಎಲ್ಲಿದ್ದಾನೋ ತಿಳಿಯದು. ನನ್ನ ಎದುರು ಕೂತು ಕೇಳುವವರು ಯಾರೂ ಉಳಿದಿಲ್ಲ. ಇದನ್ನು ಬರೆಯುವ ಧೈರ್ಯ ನನಗೆ ಬಂದದ್ದೂ ಅದರಿಂದಲೇ.